ಹತ್ತನೇ ಮಗು ಬಂದು ಮನೆ ಶಾಲೆಯಾದದ್ದು

ಒಂದೇ ಸೂರಿನ ಕೆಳಗೆ ಹತ್ತು ಅಥವಾ ಅದಕ್ಕೂ ಹೆಚ್ಚು ಮಕ್ಕಳು ಏನನ್ನಾದರೂ ಕಲಿಯುತ್ತಿದ್ದರೆ ಆ ಸೂರು ಶಾಲೆ ಎನಿಸಿಕೊಳ್ಳತಕ್ಕದ್ದು. ಇದು ಶಿಕ್ಷಣ ಇಲಾಖೆಯ ನಿಯಮ ನಲವತ್ತೊಂದು. ಒಂಬತ್ತು ಮಕ್ಕಳಿದ್ದರೆ ಅದು ಮನೆ. ಒಂಬತ್ತಕ್ಕೂ ಹತ್ತಕ್ಕೂ ನಡುವೆ ಇಲಾಖೆ ಏನನ್ನೂ ಇಟ್ಟಿಲ್ಲ.

ಹಾಗಾಗಿ ಕಡ್ಡಿ ಅನ್ನೋ ಆರು ವರ್ಷದ ಹುಡುಗಿ ಕೈಯಲ್ಲೊಂದು ಬಟ್ಟೆಚೀಲ ಹಿಡ್ಕೊಂಡು ಆ ತೋಟದ ಮನೆಯ ಬಾಗಿಲು ದಾಟಿದ ದಿನ, ಬೆಳಗ್ಗೆ ಸುಮಾರು ಹತ್ತೂಕಾಲಿಗೆ, ಮನೆ ಶಾಲೆಯಾಯ್ತು. ಒಳಗಿದ್ದ ಯಾರಿಗೂ ಗೊತ್ತಾಗಲಿಲ್ಲ. ಗೋಡೆ ಅಲುಗಲಿಲ್ಲ. ಹಸು ಒಂದು ಸಲ ಕೂಗಿತು, ಅದು ದಿನಾ ಕೂಗುತ್ತೆ.

ಅಮ್ಮನಿಗೆ ಆಗ ನಲವತ್ತೆಂಟು. ಮೂರು ಎಕರೆ ಜಮೀನು, ಒಂದು ಹಸು, ಇಪ್ಪತ್ತು ಕೋಳಿ, ಒಬ್ಬ ಗಂಡ, ಹನ್ನೊಂದು ಮಕ್ಕಳು. ಹನ್ನೊಂದರಲ್ಲಿ ಒಂದನ್ನೂ ಹೆತ್ತಿರಲಿಲ್ಲ, ಎಲ್ಲಾ ಬೇರೆ ಬೇರೆ ಕಡೆಯಿಂದ ತಂದ್ಕೊಂಡದ್ದು. ಮೊದಲನೆಯವಳು ದೊಡ್ಡಕ್ಕ, ನಾಲ್ಕು ವರ್ಷದವಳಿದ್ದಾಗ ಬಂದವಳು, ಈಗ ಇಪ್ಪತ್ತೇಳು. ಪೇಟೆಯ ಸೈಕಲ್ ಶಾಪಲ್ಲಿ ಕೆಲಸ ಮಾಡ್ತಾಳೆ. ಉಳಿದ ಹತ್ತು ಓದೋ ವಯಸ್ಸಿನವು. ಅವುಗಳನ್ನ ಅಮ್ಮ ಶಾಲೆಗೆ ಕಳಿಸಲಿಲ್ಲ. ಅಲ್ಲಿಂದ ಇಲ್ಲಿಗೆ ಇಲ್ಲಿಂದ ಅಲ್ಲಿಗೆ ಓಡಾಡಿ ಸುಸ್ತಾದ ಮಕ್ಕಳು, ಒಂದು ಕಡೆ ಕೂತ್ಕೊಂಡು ಕಲೀಲಿ ಅಂತ ಮನೇಲೇ ಕಲಿಸ್ತಿದ್ದಳು.

ಕಲಿಸೋದಕ್ಕೆ ಅವಳದ್ದೊಂದು ಪದ್ಧತಿ ಇತ್ತು. ಮನೆ ಒಳಗೆ ಬಂದ ಯಾವ ಕಾಗದವೂ ಪಾಠವಾಗದೆ ಹೊರಗೆ ಹೋಗೋ ಹಾಗಿರಲಿಲ್ಲ. ಬೀಜದ ಪೊಟ್ಟಣ, ಔಷಧಿ ಡಬ್ಬಿಯೊಳಗಿನ ಚೀಟಿ, ಮೊಳೆ ಸುತ್ತಿ ಕೊಟ್ಟ ಪೇಪರ್ ಚೂರು, ಎಲ್ಲವನ್ನೂ ಗಟ್ಟಿಯಾಗಿ ಓದಿ ಅರ್ಥ ಹೇಳಬೇಕು. ದೊಡ್ಡಕ್ಕ ಅಕ್ಷರ ಕಲಿತದ್ದು ಪಂಪ್‌ಸೆಟ್ಟಿನ ಜೊತೆ ಬಂದ ಪುಸ್ತಕದಲ್ಲಿ, ಅದಕ್ಕೇ ಅವಳಿಗೆ ಯಂತ್ರ ಅಂದ್ರೆ ಪ್ರಾಣ. ಹದಿಮೂರು ವರ್ಷದವಳೊಬ್ಬಳು ಜಮೀನಿನ ಕ್ರಯಪತ್ರದಲ್ಲಿ ಓದೋಕೆ ಕಲಿತಳು. ಅವಳನ್ನ ಎಲ್ಲರೂ ಲಾಯರಮ್ಮ ಅಂತಾರೆ. ಅಣ್ಣನ ಜೊತೆ ಜಗಳಕ್ಕೆ ನಿಂತರೂ "ಸದರಿ ಬಾಚಣಿಗೆ ಕಳೆದ ಎರಡು ವರ್ಷದಿಂದ ನನ್ನ ಸ್ವಾಧೀನದಲ್ಲಿರುತ್ತದೆ" ಅಂತಲೇ ಶುರುಮಾಡೋಳು.

ಕಡ್ಡಿ ಮಾತು ಕಮ್ಮಿ. ಈ ಮನೆಗೆ ಬರೋಕೆ ಮುಂಚೆ ನಾಲ್ಕು ಮನೆ ನೋಡಿದ್ದಳು. ಪ್ರತಿ ಮನೆಯಲ್ಲೂ ಒಂದಲ್ಲ ಒಂದು ಬೆಳಗ್ಗೆ ಎದ್ದಾಗ ಯಾರಾದರೂ ಒಬ್ಬರು ಇರುತ್ತಿರಲಿಲ್ಲ, ಇಲ್ಲಾ ಅವಳನ್ನೇ ಎಬ್ಬಿಸಿ ಚೀಲ ಕೈಗೆ ಕೊಡ್ತಿದ್ದರು. ಹಾಗಾಗಿ ದಿನಾ ಎದ್ದ ಕೂಡಲೇ ಮನೆ ಸುತ್ತಿ ಎಲ್ಲರನ್ನೂ ಬೆರಳಿಂದ ಮುಟ್ಟಿ ಎಣಿಸೋಳು. ಅಡುಗೆಮನೆಯ ಅಮ್ಮ ಒಂದು, ಕೊಟ್ಟಿಗೆಯ ಅಪ್ಪ ಎರಡು, ಸೈಕಲ್ ಒರೆಸೋ ದೊಡ್ಡಕ್ಕ ಮೂರು, ಹೀಗೇ ಹನ್ನೆರಡರವರೆಗೆ. ಆಮೇಲೆ ತನ್ನ ಎದೆ ಮುಟ್ಕೊಂಡು "ನಾನು, ಹದಿಮೂರು." ಆಮೇಲೇ ಅವಳ ತಿಂಡಿ. ಹದಿಮೂರು ಬರೋವರೆಗೂ ತಟ್ಟೆ ಮುಂದೆ ಕೂರುತ್ತಿರಲಿಲ್ಲ.

ಕಡ್ಡಿ ಬಂದು ಆರು ತಿಂಗಳಿಗೆ ಸ್ಕೂಲ್ ಇನ್ಸ್‌ಪೆಕ್ಟರ್ ಬಂದರು. ಕೈಯಲ್ಲಿ ದಪ್ಪ ನಿಯಮಾವಳಿ ಪುಸ್ತಕ, ಕಂಕುಳಲ್ಲಿ ಛತ್ರಿ.

"ಎಲ್ಲಾ ನಿಮ್ಮ ಮಕ್ಕಳೇನಮ್ಮ?"

"ಎಲ್ಲಾ ನಮ್ಮವೇ ಸಾರ್."

"ನೀವೇ ಹೆತ್ತಿದ್ದಾ?"

"ಯಾರೋ ಹೆತ್ತಿರ್ತಾರೆ ಸಾರ್. ಸಾಕೋದು ನಾವು."

ಇನ್ಸ್‌ಪೆಕ್ಟರ್ ಬರ್ಕೊಂಡರು. "ಈಗ ಯಾವ ಪೀರಿಯಡ್ ನಡೀತಿದೆ?"

ಅಮ್ಮ ಸುತ್ತ ನೋಡಿದಳು. ನಾಲ್ಕು ಮಕ್ಕಳು ಬಟಾಣಿ ಬಿಡಿಸ್ತಿದ್ದವು. "ಬಟಾಣಿ ಬಿಡಿಸ್ತಿದಾರೆ ಸಾರ್."

"ಗಣಿತ," ಅಂತ ಬರೆದರು. "ಮೇಲೆ ಇಬ್ಬರು ಓಡಾಡ್ತಿದಾರಲ್ಲ?"

"ಹೆಂಚು ಸರಿಮಾಡ್ತಿದಾರೆ."

"ಭೂಗೋಳ. ಪ್ರಯೋಗಾಲಯ ಎಲ್ಲಿ?"

"ಅದೆಲ್ಲ ಇಲ್ಲ ಸಾರ್. ಹಿಂದೆ ಕೊಟ್ಟಿಗೆ ಇದೆ, ಹಸು ಇದೆ."

"ಇದೆ ಅನ್ನಿ ಮತ್ತೆ."

ಆಮೇಲೆ ತಲೆ ಎಣಿಸಿದರು. ಎರಡು ಸಲ ಎಣಿಸಿದರು. ಕಡ್ಡಿಗೆ ಖುಷಿಯಾಯ್ತು. ತನ್ನ ಥರಾನೇ ಎಣಿಸೋ ಮನುಷ್ಯನ್ನ ಅವಳು ಮೊದಲ ಸಲ ನೋಡಿದ್ದು.

"ಹತ್ತು," ಅಂದರು ಇನ್ಸ್‌ಪೆಕ್ಟರ್. ಛತ್ರಿ ಪಕ್ಕಕ್ಕಿಟ್ಟು ಅಮ್ಮನಿಗೆ ಕೈಮುಗಿದರು. "ನಮಸ್ಕಾರ ಹೆಡ್‌ಮಿಸ್."

ಮುಂದಿನ ವಾರ ಬಾಗಿಲ ಮೇಲೆ ಬೋರ್ಡು ಬಂತು. ಕಬ್ಬಿಣದ ಗಂಟೆ ಬಂತು. ಹಸುವಿನ ತೊಡೆ ಮೇಲೆ ಬಿಳಿ ಬಣ್ಣದಲ್ಲಿ "ಪ್ರ.ಉ. 1" ಅಂತ ಬರೆಸಿದರು, ಪ್ರಯೋಗಾಲಯ ಉಪಕರಣ ಸಂಖ್ಯೆ ಒಂದು ಅಂತ ಅರ್ಥ. ಎರಡು ವಾರ ಬಿಟ್ಟು ಹಸು ಕರು ಹಾಕಿದಾಗ ಇಲಾಖೆಯಿಂದ ಪತ್ರ ಬಂತು. "ತಮ್ಮ ಶಾಲೆಗೆ ಮಂಜೂರಾದ ಒಂದು ಉಪಕರಣ ಯಾವುದೇ ಪೂರ್ವಾನುಮತಿ ಇಲ್ಲದೆ ಎರಡಾಗಿರುವುದು ಕಂಡುಬಂದಿದೆ. ಮೂರು ದಿನದೊಳಗೆ ಸಮಜಾಯಿಷಿ ನೀಡುವುದು." ಅಮ್ಮ ಸಮಜಾಯಿಷಿ ಬರೆದು ಕಳಿಸಿದಳು. ಹೋರಿಯ ಸಹಿ ಇಲ್ಲ ಅಂತ ಅದು ವಾಪಸ್ ಬಂತು.

ಅಪ್ಪನ ಪಾಡು ಇನ್ನೊಂದು ಥರ. ಶಾಲೆ ನಡೆಯೋ ಹೊತ್ತಲ್ಲಿ ಪೋಷಕರು ಒಳಗೆ ಬರಬೇಕಾದರೆ ಸಂದರ್ಶಕರ ಪುಸ್ತಕದಲ್ಲಿ ಬರೀಬೇಕು. ಅಪ್ಪ ದಿನಾ ಮಧ್ಯಾಹ್ನ ಮಣ್ಣುಕೈ ತೊಳ್ಕೊಂಡು ಬಂದು ಬರೆಯೋನು. ಭೇಟಿಯ ಉದ್ದೇಶ: ಊಟ. ಭೇಟಿಯ ಅವಧಿ: ಹೊಟ್ಟೆ ತುಂಬುವವರೆಗೆ.

"ಏನೇ, ಇದೇನು ಕರ್ಮ?" ಅಂತ ಗೊಣಗೋನು.

"ಪುಸ್ತಕದಲ್ಲಿ ಬರೀರಿ, ಬಾಯಲ್ಲಿ ಹೇಳಬೇಡಿ," ಅಂತ ಅಮ್ಮ ನಗೋಳು.

ಅಮ್ಮನಿಗೆ ಇದೆಲ್ಲ ತಮಾಷೆಯಾಗೇ ಇತ್ತು. ಇನ್ಸ್‌ಪೆಕ್ಟರ್ ಬಿಟ್ಟುಹೋದ ನಿಯಮಾವಳಿ ಪುಸ್ತಕ ಮನೆಗೆ ಬಂದ ಕಾಗದವೇ ಆದ್ದರಿಂದ ಅದೂ ಪಾಠವಾಯ್ತು. ಹತ್ತು ಮಕ್ಕಳು ಹಸುವಿನ ಸುತ್ತ ಕೂತು ರಾಗವಾಗಿ "ತಕ್ಕದ್ದು, ತಕ್ಕದ್ದು" ಅಂತ ಬಾಯಿಪಾಠ ಮಾಡಿದವು. ಲಾಯರಮ್ಮ ಊಟಕ್ಕೂ ಏಳದೆ ಓದಿದಳು.

ಎರಡನೇ ತಿಂಗಳು ಆದೇಶ ಬಂತು.

"ಸದರಿ ಮುಖ್ಯೋಪಾಧ್ಯಾಯಿನಿಯವರು ಕಳೆದ ಇಪ್ಪತ್ತಮೂರು ವರ್ಷಗಳಿಂದ ಒಂದೇ ಸ್ಥಳದಲ್ಲಿ ಬೇರೂರಿದ್ದು, ಮಕ್ಕಳೊಂದಿಗೆ ಅತಿಯಾದ ಸಲುಗೆ ಬೆಳೆಸಿಕೊಂಡಿರುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಕೆಲವು ವಿದ್ಯಾರ್ಥಿಗಳು ಇವರನ್ನು 'ಅಮ್ಮ' ಎಂದು ಕರೆಯುತ್ತಿರುವುದು ಸಹ ವರದಿಯಾಗಿದೆ. ಐದು ವರ್ಷ ಮೀರಿದ ಪ್ರಯುಕ್ತ ಇವರನ್ನು ತಕ್ಷಣದಿಂದ ವರ್ಗಾಯಿಸಲಾಗಿದೆ."

ವರ್ಗ ಆದದ್ದು ಒಂದು ದಿನದ ಪ್ರಯಾಣದಷ್ಟು ದೂರಕ್ಕೆ.

ಅಮ್ಮ ಪೇಟೆಯ ಆಫೀಸಿಗೆ ಹೋದಳು. ಗುಮಾಸ್ತ ಒಳ್ಳೆ ಮನುಷ್ಯ, ಕುರ್ಚಿ ಒರೆಸಿ ಕೂರಿಸಿದ.

"ಅಣ್ಣಾ, ನಾನು ಆ ಮಕ್ಕಳ ತಾಯಿ."

"ಇರಬಹುದಮ್ಮ. ತಾಯಿ ಅನ್ನೋ ಹುದ್ದೆ ನಮ್ಮಲ್ಲಿ ಮಂಜೂರಾಗಿಲ್ಲ."

"ರಾಜೀನಾಮೆ ಕೊಡ್ತೀನಿ ಹಾಗಾದ್ರೆ."

"ಧಾರಾಳವಾಗಿ ಕೊಡಿ. ಆದ್ರೆ ರಾಜೀನಾಮೆ ಕೊಟ್ಟೋರು ಶಾಲೆ ಆವರಣದಲ್ಲಿ ವಾಸ ಮಾಡೋ ಹಾಗಿಲ್ಲ."

"ಅಯ್ಯೋ, ಅದು ನನ್ನ ಮನೆ!"

"ಆಗಿತ್ತು," ಅಂದ ಗುಮಾಸ್ತ. ಬೇಜಾರಾಗದ ಹಾಗೆ ಮೆತ್ತಗೇ ಅಂದ.

"ಮತ್ತೆ ಮನೆ ಆಗಬೇಕಾದ್ರೆ ಏನು ಮಾಡಬೇಕು?"

ಗುಮಾಸ್ತ ಕುರ್ಚಿ ಮುಂದಕ್ಕೆಳೆದ. "ಸುಲಭ ಇದೆಯಮ್ಮ. ಒಂದು ಕಮ್ಮಿ ಮಾಡ್ಕೊಳ್ಳಿ. ಹತ್ತು ಒಂಬತ್ತಾದ ತಕ್ಷಣ ಅದು ಮನೆ. ಕೊನೇಲಿ ಬಂದದ್ದು ಯಾವುದು?"

ಗುಮಾಸ್ತನೇ ಫೈಲು ತಿರುವಿ ಕೊನೇ ಹೆಸರಿಗೆ ಬೆರಳಿಟ್ಟ.

"ಬಂದು ಒಂದು ವರ್ಷ ಆಗಿಲ್ಲ ತಾನೇ? ವಾಪಸ್ ಕಳಿಸೋ ಫಾರಂ ಬರೀ ಒಂದೇ ಪುಟ." ಅವನೇ ಪ್ಯಾಡಿಂದ ಒಂದು ಹಾಳೆ ಹರಿದ. ಅಮ್ಮನಿಗೆ ತೊಂದರೆ ಆಗದಿರಲಿ ಅಂತ ತಾರೀಕನ್ನೂ ತಾನೇ ತುಂಬಿ ಕೊಟ್ಟ.

ಮನೆಗೆ ಬಂದು ಅಮ್ಮ ಆ ಹಾಳೆಯನ್ನ ಮೇಜಿನ ಮೇಲೆ ಮಗುಚಿ ಹಾಕಿದಳು. ಮುಖ ತೊಳೆಯೋಕೆ ಹೋದಳು. ಬರೋ ಹೊತ್ತಿಗೆ ಕಡ್ಡಿ ಬೆಂಚು ಹತ್ತಿ ಹಾಳೆ ಮುಂದೆ ಕೂತಿದ್ದಳು. ಮನೆಗೆ ಕಾಗದ ಬಂದಿದೆ ಅಂದಮೇಲೆ ಓದಬೇಕು, ಅದು ಮನೆ ಪದ್ಧತಿ. ಇಷ್ಟು ದಿನ ಒಂದು ಪದವನ್ನೂ ಪೂರ್ತಿ ಕೂಡಿಸಿ ಓದದ ಹುಡುಗಿ, ಬೆರಳಿಟ್ಟು ಓದ್ತಿದ್ದಳು.

"ಮ-ಗು-ವ-ನ್ನು... ಹಿಂ-ತಿ-ರು-ಗಿ-ಸು-ವ... ಕಾ-ರ-ಣ."

ಕಡ್ಡಿ ತಲೆಯೆತ್ತಿ, "ಅರ್ಥ ಹೇಳಬೇಕಾ?" ಅಂದಳು.

"ಬೇಡ," ಅಂದಳು ಅಮ್ಮ. "ಓದಿದ್ದು ಚೆನ್ನಾಗಿತ್ತು." ಹಾಳೆ ತಗೊಂಡು ಒಲೆಗೆ ಹಾಕಿದಳು. ಆ ಮನೆಯಲ್ಲಿ ಅರ್ಥ ಹೇಳದೆ ಹೋದ ಕಾಗದ ಅದೊಂದೇ. ಆಮೇಲೆ ಅಟ್ಟದಿಂದ ತನ್ನ ಟ್ರಂಕು ಇಳಿಸಿದಳು.

ಹೊಸ ಹೆಡ್‌ಮಿಸ್ ಬಂದ ಬಸ್ಸಲ್ಲೇ ಅಮ್ಮ ಹೊರಟಳು. ಹೆಡ್‌ಮಿಸ್ಸಿಗೆ ಐವತ್ತೈದು ದಾಟಿರಬೇಕು, ಇದು ಅವರ ಹನ್ನೊಂದನೇ ವರ್ಗಾವಣೆಯಂತೆ. ಇಬ್ಬರೂ ಬಸ್ಸಿನ ಬಾಗಿಲಲ್ಲಿ ಟ್ರಂಕು ಅದಲು ಬದಲು ಮಾಡ್ಕೊಳ್ಳೋ ಹಾಗೆ ನಿಂತರು.

"ಕೊನೇ ಹುಡುಗಿ ಎಣಿಸ್ತಾಳೆ," ಅಂದಳು ಅಮ್ಮ. "ಬೈಬೇಡಿ."

"ಎಣಿಸೋದು ಒಳ್ಳೆ ಅಭ್ಯಾಸ," ಅಂದರು ಹೆಡ್‌ಮಿಸ್, ಅಷ್ಟೇ.

ಅಮ್ಮ ಸೇರಿದ ಶಾಲೆಯಲ್ಲಿ ಕಟ್ಟಡ, ಗಂಟೆ, ಹನ್ನೆರಡು ಬೆಂಚು, ಕೈತೋಟ ಎಲ್ಲಾ ಇತ್ತು. ಮಕ್ಕಳಿರಲಿಲ್ಲ. ಹತ್ತು ವರ್ಷದಿಂದ ಒಬ್ಬರೂ ಫೇಲಾಗಿಲ್ಲ ಅಂತ ಶಾಲೆಗೆ ಇಲಾಖೆ ಫಲಕ ಕೊಟ್ಟಿತ್ತು. ಅಮ್ಮ ದಿನಾ ಒಂಬತ್ತಕ್ಕೆ ಗಂಟೆ ಹೊಡೆದು, ಖಾಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಲಾಯರಮ್ಮನ ಪತ್ರ ಓದ್ತಾ ಕೂರೋಳು.

"ತಮ್ಮ ಘನ ಸನ್ನಿಧಾನಕ್ಕೆ. ಸದರಿ ಕಡ್ಡಿ ಎಂಬುವಳು ದಿನಾ ಬೆಳಗ್ಗೆ ಎಣಿಸುತ್ತಾಳೆ. ಹನ್ನೆರಡಕ್ಕೆ ಬಂದು ನಿಲ್ಲುತ್ತಾಳೆ. ಮತ್ತೆ ಒಂದರಿಂದ ಶುರು. ಮಧ್ಯಾಹ್ನದವರೆಗೂ ಇದೇ ಆಗುತ್ತದೆ. ತಿಂಡಿ ತಿನ್ನುವುದಿಲ್ಲ. ಹೊಸ ಹೆಡ್‌ಮಿಸ್ಸನ್ನು ಸೇರಿಸಿ ಹದಿಮೂರು ಮಾಡಿಕೋ ಎಂದು ಅಪ್ಪ ಹೇಳಿದ್ದಕ್ಕೆ 'ಅವರು ಲೆಕ್ಕಕ್ಕಿಲ್ಲ' ಎಂದಳು. ಅದನ್ನು ಹೆಡ್‌ಮಿಸ್ ಕೇಳಿಸಿಕೊಂಡಿರುತ್ತಾರೆ. ಅಮ್ಮಾ, ಇವಳು ತುಂಬಾ ತೆಳ್ಳಗಾಗಿದಾಳೆ, ಹೆಸರು ಕಡ್ಡಿ ಅಂತ ಇಟ್ಟಿದ್ದು ನಾವೇ, ಈಗ ಬೇಜಾರಾಗ್ತಿದೆ."

ಕೊನೇ ಸಾಲು ಕ್ರಯಪತ್ರದ ಭಾಷೆಯಲ್ಲಿರಲಿಲ್ಲ. ಅಮ್ಮ ಅದನ್ನೇ ನಾಲ್ಕು ಸಲ ಓದಿದಳು.

ಹತ್ತೊಂಬತ್ತನೇ ದಿನದ ಪತ್ರ ದಪ್ಪಗಿತ್ತು. "ನಿಯಮಾವಳಿ ಪುಸ್ತಕವನ್ನು ಮೂರನೇ ಬಾರಿಗೆ ಓದಿ ಮುಗಿಸಿದ್ದೇನೆ. ನಿಯಮ ಎಂಟು: ಆರು ವರ್ಷ ತುಂಬಿದ ಯಾರಿಗೂ ಒಂದನೇ ತರಗತಿಯ ಪ್ರವೇಶ ನಿರಾಕರಿಸಕೂಡದು. ತಮಗೆ ಆರು ತುಂಬಿ ನಲವತ್ತೆರಡು ವರ್ಷವಾಗಿದೆ. ನಿಯಮ ಹದಿನೈದು: ಅರ್ಜಿಗೆ ತಾಯಿ ಅಥವಾ ತಂದೆಯ ಸಹಿ ಇರತಕ್ಕದ್ದು. ತಮ್ಮ ತಾಯಿ ತಂದೆ ಇಬ್ಬರೂ ಇಲ್ಲ, ಅಂದರೆ ತಾವು ಅನಾಥೆ. ಅನಾಥರನ್ನು ದತ್ತು ತೆಗೆದುಕೊಳ್ಳಬಹುದು, ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ದತ್ತು ನಿಯಮದ ಪ್ರಕಾರ ತೆಗೆದುಕೊಳ್ಳುವವರಿಗೂ ಮಗುವಿಗೂ ಇಪ್ಪತ್ತೊಂದು ವರ್ಷದ ಅಂತರ ಇರತಕ್ಕದ್ದು. ತಮಗೂ ದೊಡ್ಡಕ್ಕನಿಗೂ ಸರಿಯಾಗಿ ಇಪ್ಪತ್ತೊಂದು. ಯಾರು ದೊಡ್ಡವರಿರಬೇಕು ಎಂದು ಎಲ್ಲೂ ಬರೆದಿಲ್ಲ. ಒಂದು ದಿನ ರಜೆ ಹಾಕಿ ಬರುವುದು."

ಅಮ್ಮ ರಜೆ ಹಾಕಿದಳು. ಅವಳ ಶಾಲೆಯ ವಿದ್ಯಾರ್ಥಿಗಳಿಗೆ ಏನೂ ನಷ್ಟವಾಗಲಿಲ್ಲ.

ದತ್ತು ಕಚೇರಿಯ ಅಧಿಕಾರಿ ದೊಡ್ಡಕ್ಕನನ್ನ ಮುಂದೆ ಕೂರಿಸಿಕೊಂಡು ಫಾರಂ ತುಂಬಿದರು. ಅಮ್ಮನನ್ನ ಬಾಗಿಲ ಹತ್ತಿರದ ಸಣ್ಣ ಕುರ್ಚಿಯಲ್ಲಿ ಕೂರಿಸಿ ಕೈಗೊಂದು ಆಟದ ಗಿಲಕಿ ಕೊಟ್ಟಿದ್ದರು. ಅದು ಕಡ್ಡಾಯ.

"ಮಗು ಆರೋಗ್ಯವಾಗಿದೆಯಾ?"

"ಮಂಡಿ ನೋವು ಸ್ವಲ್ಪ," ಅಂದಳು ದೊಡ್ಡಕ್ಕ.

"ಹಲ್ಲು ಬಂದಿವೆಯಾ?"

"ಬಂದು, ಎರಡು ಹೋಗಿವೆ."

"ಹಠ ಮಾಡುತ್ತಾ?"

ದೊಡ್ಡಕ್ಕ ತಿರುಗಿ ನೋಡಿದಳು. ಹನ್ನೊಂದು ಮಕ್ಕಳನ್ನ ಬೇಡ ಬೇಡ ಅಂದವರ ಮುಂದೆಲ್ಲ ಹಠ ಹಿಡಿದು ಮನೆಗೆ ತಂದ್ಕೊಂಡ ಹೆಂಗಸು ಗಿಲಕಿ ಹಿಡ್ಕೊಂಡು ಕೂತಿದ್ದಳು. "ತುಂಬಾ," ಅಂದಳು.

"ಸಾಕೋಕೆ ಆಗುತ್ತೇನಮ್ಮ ನಿನ್ನ ಕೈಲಿ? ಆಮೇಲೆ ಆಗಲ್ಲ ಅಂತ ವಾಪಸ್ ತಂದುಬಿಡೋ ಹಾಗಿಲ್ಲ."

"ನಮ್ಮ ಮನೇಲಿ ವಾಪಸ್ ಕಳಿಸೋ ಪದ್ಧತಿ ಇಲ್ಲ ಸಾರ್," ಅಂದಳು ದೊಡ್ಡಕ್ಕ. ಗಿಲಕಿ ಸದ್ದು ಮಾಡಿತು. ಅಧಿಕಾರಿ ಅದನ್ನ "ಮಗು ಚಟುವಟಿಕೆಯಿಂದಿದೆ" ಅಂತ ಬರ್ಕೊಂಡು ಸೀಲು ಒತ್ತಿದರು.

ಅದೇ ಮಧ್ಯಾಹ್ನ ದೊಡ್ಡಕ್ಕ ಮಗಳ ಕೈಹಿಡಿದು ಶಾಲೆಗೆ ಕರ್ಕೊಂಡು ಬಂದಳು. ಹೊಸ ಹೆಡ್‌ಮಿಸ್ ಅರ್ಜಿಯನ್ನ ಮೇಲಿಂದ ಕೆಳಗೆ ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಂದು ಸಲ ಓದಿದರು. ಕಿಟಕಿಯಾಚೆ ಕಡ್ಡಿ ಇನ್ನೂ ಎಣಿಸ್ತಿದ್ದಳು, ಹತ್ತು, ಹನ್ನೊಂದು. ಹೆಡ್‌ಮಿಸ್ ಅದನ್ನೂ ಕೇಳಿಸಿಕೊಂಡರು. ಆಮೇಲೆ ಅಮ್ಮನ ಕಡೆ ತಿರುಗಿ ಕೇಳಿದರು.

"ಹಿಂದೆ ಎಲ್ಲಾದ್ರೂ ಓದಿದೀಯೇನಮ್ಮ?"

"ಓದಿದ್ದೆ ಮಿಸ್. ಮರೆತಿದೀನಿ."

"ಪರವಾಗಿಲ್ಲ, ಕಲಿತ್ಕೊಳ್ತೀಯ. ಹೋಗು, ಕಡ್ಡಿ ಪಕ್ಕ ಕೂತ್ಕೋ." ಹಾಜರಿ ಪುಸ್ತಕದಲ್ಲಿ ಹನ್ನೊಂದನೇ ಹೆಸರು ಬರೆದರು.

ಮೂರನೇ ದಿನಕ್ಕೆ ಇಲಾಖೆ ಎಚ್ಚೆತ್ತಿತು. ಮುಖ್ಯೋಪಾಧ್ಯಾಯಿನಿ ಕೆಲಸಕ್ಕೆ ಬರ್ತಿಲ್ಲ ಅಂತ ನೋಟಿಸು ಹಿಡ್ಕೊಂಡು ಇನ್ಸ್‌ಪೆಕ್ಟರ್ ಓಡಿಬಂದರು. ಲಾಯರಮ್ಮ ಅವರದ್ದೇ ಪುಸ್ತಕ ತೆರೆದು ಅವರ ಮುಂದೆ ಹಿಡಿದಳು. ನಿಯಮ ಎರಡು: ದಾಖಲಾದ ವಿದ್ಯಾರ್ಥಿಯನ್ನು ಯಾರೂ ಯಾವ ದುಡಿಮೆಗೂ ಹಚ್ಚಕೂಡದು, ಹಚ್ಚಿದವರಿಗೆ ಜೈಲು.

"ಸದರಿ ಇಲಾಖೆಯು," ಅಂದಳು ಲಾಯರಮ್ಮ, "ಒಂದನೇ ಕ್ಲಾಸಿನ ಮಗುವನ್ನ ಮುಖ್ಯೋಪಾಧ್ಯಾಯಿನಿ ಹುದ್ದೆಯಲ್ಲಿ ದುಡಿಸಿಕೊಳ್ತಿದೆ ಸಾರ್. ಅದೂ ಊರು ಬಿಡಿಸಿ."

ಇನ್ಸ್‌ಪೆಕ್ಟರ್ ಬೆವರಿದರು. ಅಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತು, "ಪುಟ್ಟಾ, ಯಾರಿಗೂ ಹೇಳಬೇಡ, ಆಯ್ತಾ?" ಅಂದರು. ಜೇಬಿಂದ ಪೆಪ್ಪರಮಿಂಟು ತೆಗೆದು ಕೊಟ್ಟರು. ಸಂಜೆಯೊಳಗೆ ಬಿಡುಗಡೆ ಆದೇಶ ಬಂತು, ಜೊತೆಗೆ ಒಂದು ಸ್ಲೇಟು, ಬಳಪ, ಇಲಾಖೆಯ ಶುಭಾಶಯ.

ಆವತ್ತಿಂದ ಅಮ್ಮ ಮನೆಯಲ್ಲಿ ಒಂದು ಕಡ್ಡಿ ಅತ್ತ ಇತ್ತ ಮಾಡೋ ಹಾಗಿಲ್ಲ. ಪಾತ್ರೆ ಮುಟ್ಟಿದರೆ ಹತ್ತು ಮಕ್ಕಳೂ ಒಟ್ಟಿಗೆ "ನಿಯಮ ಎರಡು!" ಅಂತ ಕೂಗ್ತವೆ. ಅಪ್ಪ ಅಡುಗೆ ಮಾಡ್ತಾನೆ, ಪುಸ್ತಕದಲ್ಲಿ ಭೇಟಿಯ ಉದ್ದೇಶ "ಸಾರು ಕುದಿಸುವುದು" ಅಂತ ಬರೆದು. ಹೆಡ್‌ಮಿಸ್ ಈರುಳ್ಳಿ ಹೆಚ್ಚುತ್ತಾರೆ. ಹಾಲು ಕರೆಯೋದು ಮಾತ್ರ ಅಮ್ಮನೇ, ಅದು ವಿಜ್ಞಾನ ಪ್ರಯೋಗ.

ಪರೀಕ್ಷೆಯಲ್ಲಿ "ನನ್ನ ತಾಯಿ" ಅನ್ನೋ ವಿಷಯದ ಮೇಲೆ ಐದು ವಾಕ್ಯ ಬರೀಬೇಕಿತ್ತು. ಅಮ್ಮ ಬರೆದಳು. "ನನ್ನ ತಾಯಿ ಸೈಕಲ್ ರಿಪೇರಿ ಮಾಡುತ್ತಾಳೆ. ಅವಳು ನನಗಿಂತ ಇಪ್ಪತ್ತೊಂದು ವರ್ಷ ಚಿಕ್ಕವಳು. ಅವಳಿಗೆ ಜಡೆ ಹಾಕಲು ಕಲಿಸಿದ್ದು ನಾನು. ಬಂದ ಹೊಸದರಲ್ಲಿ ಅವಳು ಮೂರು ತಿಂಗಳು ನನ್ನ ಸೆರಗು ಬಿಟ್ಟಿರಲಿಲ್ಲ. ಈಗ ಅವಳು ನನ್ನನ್ನು ತಂದುಕೊಂಡಿದ್ದಾಳೆ." ಹೆಡ್‌ಮಿಸ್ ಹತ್ತಕ್ಕೆ ಏಳು ಕೊಟ್ಟು, ಅಕ್ಷರ ದುಂಡಗಿರಲಿ ಅಂತ ಕೆಂಪು ಶಾಯಿಯಲ್ಲಿ ಬರೆದರು.

ಪೋಷಕರ ಸಭೆಗೆ ದೊಡ್ಡಕ್ಕ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಇನ್ಸ್‌ಪೆಕ್ಟರ್ ಗಂಭೀರವಾಗಿ ಹೇಳಿದರು. "ನಿಮ್ಮ ಮಗಳು ಓದೋದ್ರಲ್ಲಿ ಪರವಾಗಿಲ್ಲ. ಆದ್ರೆ ಪಕ್ಕದೋರಿಗೆಲ್ಲ ಹೇಳಿಕೊಡ್ತಾಳೆ."

"ಮನೇಲೂ ಹಾಗೇ ಸಾರ್," ಅಂದಳು ದೊಡ್ಡಕ್ಕ. "ಚಿಕ್ಕ ವಯಸ್ಸಿಂದ. ನನ್ನ ಚಿಕ್ಕ ವಯಸ್ಸಿಂದ."

"ತಿದ್ದಿ ಬುದ್ಧಿ ಹೇಳಿ."

"ನೋಡ್ತೀನಿ ಸಾರ್. ಮಾತು ಕೇಳಲ್ಲ."

ಈಗ ದಿನಾ ಬೆಳಗ್ಗೆ ಹಾಜರಿ ಕೂಗೋ ಕೆಲಸ ಕಡ್ಡಿಯದ್ದು. ಎಣಿಸೋದರಲ್ಲಿ ಅವಳಿಗಿರೋ ಅನುಭವ ಇಲಾಖೆಯಲ್ಲೇ ಯಾರಿಗೂ ಇಲ್ಲ ಅಂತ ಹೆಡ್‌ಮಿಸ್ ಲಿಖಿತವಾಗಿ ಶಿಫಾರಸು ಮಾಡಿದ್ದಾರೆ. ಸ್ಲೇಟು ಹಿಡಿದು ಕೂತ ಅಮ್ಮನ ಹಣೆಗೆ ಕಡ್ಡಿ ಬೆರಳಿಟ್ಟು "ಒಂದು" ಅಂತಾಳೆ. ಅಮ್ಮ ಎದ್ದು ನಿಂತು "ಹಾಜರ್ ಮಿಸ್" ಅಂತಾಳೆ. ಹೊರಗೆ ಸಂದರ್ಶಕರ ಪುಸ್ತಕದಲ್ಲಿ ಸಹಿ ಹಾಕ್ತಿರೋ ಅಪ್ಪ ಎರಡು. ದೊಡ್ಡಕ್ಕ ಮೂರು. ಹಾಗೇ ಹನ್ನೆರಡು. ಆಮೇಲೆ ತನ್ನೆದೆ ಮುಟ್ಕೊಂಡು "ನಾನು, ಹದಿಮೂರು."

ಮೊದಲ ವಾರ ಅಲ್ಲಿಗೇ ನಿಲ್ಲಿಸಿ ತಿಂಡಿಗೆ ಓಡ್ತಿದ್ದಳು. ಎರಡನೇ ವಾರದ ಒಂದು ಬೆಳಗ್ಗೆ ಅರ್ಧ ದಾರಿಯಿಂದ ವಾಪಸ್ ಬಂದಳು. ಈರುಳ್ಳಿ ಹೆಚ್ಚುತ್ತಿದ್ದ ಹೆಡ್‌ಮಿಸ್ಸಿನ ಮೊಣಕೈಗೆ ಬೆರಳಿಟ್ಟು "ಹದಿನಾಲ್ಕು" ಅಂದಳು.

ಹೆಡ್‌ಮಿಸ್ ಕಣ್ಣೊರೆಸಿಕೊಂಡರು. ಈರುಳ್ಳಿ ಖಾರ ಇತ್ತು ಅಂತ ದಿನಚರಿಯಲ್ಲಿ ದಾಖಲಿಸಿದ್ದಾರೆ. ಅದರ ಕೆಳಗೇ ತಮ್ಮ ಹನ್ನೆರಡನೇ ವರ್ಗಾವಣೆ ಯಾವಾಗ ಬರಬಹುದು ಅಂತ ಲೆಕ್ಕ ಹಾಕಿ, ಅದಕ್ಕೆ ಮುಂಚೆ ಒಂದನೇ ಕ್ಲಾಸಿಗೆ ತಾವೇ ಒಂದು ಅರ್ಜಿ ಬರೆದಿಟ್ಟಿದ್ದಾರೆ. ತಾಯಿಯ ಸಹಿ ಇರೋ ಜಾಗ ಇನ್ನೂ ಖಾಲಿ ಇದೆ. ಇಪ್ಪತ್ತೊಂದು ವರ್ಷದ ಅಂತರ ಯಾರಿಗೆ ಕೂಡಿಬರುತ್ತೆ ಅಂತ ಲಾಯರಮ್ಮ ನೋಡ್ತಿದ್ದಾಳೆ.